ಮೂವತ್ತೊಂದನೇ ಪೈಪು

ಧನ್ಯಶ್ರೀ ಒಂದು ಕಡೆ ಸುಮ್ಮನೆ ಕೂತವಳಲ್ಲ. ಅಂಥವಳಿಗೆ ಮೂಡಿಗೆರೆಯ ಪರಮೇಶ್ವರಪ್ಪನವರ ಪಂಪ್‌ಸೆಟ್ ಅಂಗಡಿಯಲ್ಲಿ ಸಿಕ್ಕಿದ್ದು ಕೂತು ಮಾಡುವ ಕೆಲಸ. ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಇದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಬಂದ ಹುಡುಗಿ, ಗಿರಾಕಿ ಕೇಳಿದ ವಾಷರಿಗೆ, ಬೇರಿಂಗಿಗೆ, ಫುಟ್‌ವಾಲ್ವಿಗೆ ಬಿಲ್ ಬರೆಯುತ್ತಾ ಕೌಂಟರಿನ ಹಿಂದೆ ದಿನವಿಡೀ ಕಾಲು ಕುಣಿಸುತ್ತಿದ್ದಳು. "ಕಾಲು ಕುಣಿಸ್ಬೇಡ ಮಾರಾಯ್ತಿ, ಅಂಗಡಿಗೆ ದರಿದ್ರ" ಎಂದು ಪರಮೇಶ್ವರಪ್ಪ ದಿನಕ್ಕೆ ಎರಡು ಸಲವಾದರೂ ಗದರುತ್ತಿದ್ದರು. ಕಾಲು ನಿಂತರೆ ಬೆರಳು ಶುರುವಾಗುತ್ತಿತ್ತು.

ಅವಳ ತಲೆಗೆ ಹುಳ ಬಿಟ್ಟವರು ಕೂಡ ಪರಮೇಶ್ವರಪ್ಪನವರೇ. ಕಾಫಿ ತೋಟದವರು ಬಂದು, "ನಮ್ಮ ಗುಡ್ಡಕ್ಕೆ ಎಷ್ಟು ಎಚ್‌ಪಿ ಬೇಕಾಗ್ಬಹುದು?" ಎಂದು ಕೇಳಿದರೆ ಅವರು ಕಣ್ಣು ಕಿರಿದು ಮಾಡಿ, ಗುಡ್ಡ ಅಂಗಡಿಯೊಳಗೇ ಬಂದು ನಿಂತಿದೆಯೇನೋ ಎಂಬಂತೆ ಮೇಲೆ ಕೆಳಗೆ ನೋಡಿ, "ಹತ್ತು ಹಾಕ್ಕೊಳ್ಳಿ, ಯಾವ್ದಕ್ಕೂ ಇರ್ಲಿ" ಎನ್ನುತ್ತಿದ್ದರು. ಮೂವತ್ತು ವರ್ಷದ ಅನುಭವ. ಹತ್ತರಲ್ಲಿ ಏಳು ಸಲ ಸರಿ ಬರುತ್ತಿತ್ತು. ಉಳಿದ ಮೂರು ಸಲ ಧನ್ಯಶ್ರೀಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಪೈಪಿನೊಳಗೆ ಉಜ್ಜಿಕೊಂಡು ಹೋಗುವ ನೀರು ಎಷ್ಟು ಒತ್ತಡ ಕಳೆದುಕೊಳ್ಳುತ್ತದೆ ಎನ್ನುವುದಕ್ಕೆ ಕಾಲೇಜಿನಲ್ಲಿ ಸೂತ್ರ ಕಲಿತಿದ್ದಳಲ್ಲ! ಆದರೆ ಆ ಸೂತ್ರ ಮಹಾ ಕಿತಾಪತಿಯದು. ನಮಗೆ ಬೇಕಾದ ಸಂಖ್ಯೆ ಸಮೀಕರಣದ ಎರಡೂ ಕಡೆ ಕೂತಿರುತ್ತದೆ. ಮೊದಲು ಒಂದು ಅಂದಾಜು ಹಾಕಬೇಕು, ಬಂದದ್ದನ್ನು ಮತ್ತೆ ಹಾಕಬೇಕು, ಮತ್ತೆ, ಮತ್ತೆ, ಎರಡೂ ಕಡೆ ಒಂದೇ ಆಗುವ ತನಕ. ಕಾಗದದ ಮೇಲೆ ಮಾಡಿದರೆ ಒಂದು ಮಧ್ಯಾಹ್ನ ಹೋಯಿತು. ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಯಲ್ಲಿ ಮೋಟಾರ್ ಕೊಂಡು ಮನೆ ಸೇರಿರುತ್ತಾನೆ.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಅವಳಿಗೆ ಕಾಲೇಜಿನಲ್ಲಿ ಒಂದು ಪೇಪರಾಗಿ ಬಂದಿತ್ತು. ಪಾಸಾಗಿ, ಮರೆತಿದ್ದಳು. ಈಗ ಹಳೆಯ ಲ್ಯಾಪ್‌ಟಾಪನ್ನು ಬಿಲ್ ಪುಸ್ತಕದ ಪಕ್ಕದಲ್ಲಿಟ್ಟುಕೊಂಡು, ಗಿರಾಕಿಗಳ ನಡುವಿನ ಬಿಡುವಿನಲ್ಲಿ ಮೊದಲಿನಿಂದ ಕಲಿಯತೊಡಗಿದಳು. ಮೊದಲ ವಾರವೆಲ್ಲ ಕಂಪ್ಯೂಟರಿನಿಂದ ಬೈಸಿಕೊಂಡದ್ದೇ ಬಂತು. ಸಾಲಿನ ಮೊದಲು ಜಾಗ ಹೆಚ್ಚಾದರೆ ಬೈಗುಳ, ಕಮ್ಮಿಯಾದರೆ ಬೈಗುಳ, ತೆರೆದ ಕಂಸ ಮುಚ್ಚದಿದ್ದರೆ ಕೆಂಪಕ್ಷರದಲ್ಲಿ ಹತ್ತು ಸಾಲು ಬೈಗುಳ. ಅಂತೂ ಒಂದು ದಿನ, ಅಂದಾಜನ್ನು ತಾನೇ ಹಾಕಿ, ತಾನೇ ನೋಡಿ, ತಾನೇ ತಿದ್ದಿಕೊಳ್ಳುವ ಐದು ಸಾಲು ಬರೆದು ಒತ್ತಿದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಉತ್ತರ ಬಂತು. ಆ ದಿನ ಅವಳಿಗೆ ಊಟ ಸೇರಲಿಲ್ಲ. ಸಂತೋಷವಾದರೂ ಊಟ ಸೇರುವುದಿಲ್ಲ ಎಂದು ಅವಳಿಗೆ ಗೊತ್ತಾದದ್ದು ಆಗಲೇ.

ಸಂತೋಷ ಬಹಳ ದಿನ ಬಾಳಲಿಲ್ಲ. ಅತ್ತಿಗುಂಡಿಯ ಒಂದು ತೋಟಕ್ಕೆ ಲೆಕ್ಕ ಹಾಕಿಕೊಟ್ಟಳು. ಕರಿ ಪೈಪಿನ ಮೇಲೆ ಎಪ್ಪತ್ತೈದು ಮಿಲಿಮೀಟರ್ ಎಂದು ಬರೆದಿತ್ತು, ಎಪ್ಪತ್ತೈದೇ ಹಾಕಿದಳು. ಅದು ಹೊರಗಿನ ಅಳತೆ, ನೀರು ಹೋಗುವುದು ಒಳಗೆ ಎಂಬುದು ಅಂಗಡಿಯಲ್ಲಿ ಪೈಪು ಹೊರುವವರಿಗೂ ಗೊತ್ತಿತ್ತು; ಇಂಜಿನಿಯರಮ್ಮನಿಗೆ ಹೊಳೆಯಲಿಲ್ಲ. ತೋಟದ ಮಾಲೀಕ ಅಂಗಡಿಗೇ ಬಂದು, "ನಿಮ್ಮ ಹುಡುಗಿ ಕೊಟ್ಟ ಲೆಕ್ಕದಲ್ಲಿ ಸ್ಪ್ರಿಂಕ್ಲರ್ ಜೆಟ್ ತಿರುಗೋದೇ ಇಲ್ಲ ಸ್ವಾಮಿ, ದನ ಉಚ್ಚೆ ಹುಯ್ದ ಹಾಗೆ ಹುಯ್ತದೆ" ಎಂದು ನಾಲ್ಕು ಜನರೆದುರು ಹೇಳಿ ಹೋದ. ಅಂಗಡಿಯವರು ವಾರಗಟ್ಟಲೆ ನಕ್ಕರು. ಧನ್ಯಶ್ರೀಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು. ಭೂಮಿ ಬಾಯಿ ಬಿಡಲಿಲ್ಲ, ಅವಳು ಪೈಥಾನ್ ಬಿಡಲಿಲ್ಲ.

ಮಾರ್ಚ್ ಎರಡನೇ ವಾರ ಬಾಳೂರಿನ ಜಯಪ್ರಕಾಶರ ಎಸ್ಟೇಟಿನಿಂದ ಕರೆ ಬಂತು. ಬಾಳೂರು ಧನ್ಯಶ್ರೀಯ ಊರೇ. ಅವಳ ತಾಯಿ ತಂಗಮ್ಮ ಅದೇ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಹಣ್ಣು ಕುಯ್ದವಳು. ಈಗ ಎಸ್ಟೇಟಿನ ಬೇಲಿಯ ಕೆಳಗೆ ತನ್ನದೇ ಅರ್ಧ ಎಕರೆ ರೊಬಸ್ಟಾ ಕಾಫಿ ಮಾಡಿಕೊಂಡಿದ್ದಳು. ಜಯಪ್ರಕಾಶರು ಈ ವರ್ಷ ಸ್ಪ್ರಿಂಕ್ಲರ್ ಲೈನನ್ನು ಗುಡ್ಡದ ನೆತ್ತಿಯ ಬ್ಲಾಕಿನವರೆಗೆ ಎಳೆಸಿದ್ದರು. ಕೆಳಗೆ ಕೆರೆ, ಕೆರೆಯ ಪಕ್ಕ ಪಂಪು, ಅಲ್ಲಿಂದ ಅರವತ್ತು ಅಲ್ಯೂಮಿನಿಯಂ ಪೈಪು ಒಂದಕ್ಕೊಂದು ಜೋಡಿಸಿಕೊಂಡು ಏರು ಹತ್ತಿದರೆ ನೆತ್ತಿಯಲ್ಲಿ ಹನ್ನೆರಡು ಜೆಟ್ಟು. ಒಂದೂ ಸರಿಯಾಗಿ ತಿರುಗುತ್ತಿರಲಿಲ್ಲ. ಕಾಫಿಯವರಿಗೆ ಮಾರ್ಚ್ ಎಂದರೆ ಹೂವಿನ ನೀರಿನ ತಿಂಗಳು. ಗಿಡದಲ್ಲಿ ಮೊಗ್ಗು ಮೂಡಿ ನಿಂತಿರುತ್ತದೆ. ಮಳೆಯೋ ಜೆಟ್ಟೋ, ಒಂದಿಂಚು ನೀರು ಬಿದ್ದರೆ ಒಂಬತ್ತನೇ ದಿನಕ್ಕೆ ಗುಡ್ಡವೆಲ್ಲ ಬೆಳ್ಳಗೆ ಅರಳುತ್ತದೆ. ಬೀಳದಿದ್ದರೆ ಮೊಗ್ಗು ಅಲ್ಲೇ ಕರಟುತ್ತದೆ, ವರ್ಷದ ಫಸಲು ಅಲ್ಲಿಗೆ ಮುಗಿಯಿತು. ಈ ಸಲ ಮಳೆಯ ಸುಳಿವೇ ಇರಲಿಲ್ಲ.

"ನೋಡಮ್ಮ," ಎಂದರು ಪರಮೇಶ್ವರಪ್ಪ. "ಜಯಪ್ರಕಾಶ್ ಅವ್ರು ದೊಡ್ಡ ಗಿರಾಕಿ. ಕಳಸದ ಕಡೆ ಇನ್ನೂ ಎರಡು ತೋಟ ಇದೆ ಅವ್ರಿಗೆ. ಇದೊಂದು ಸರಿ ಮಾಡಿಕೊಟ್ರೆ ನಾಳೆಯಿಂದ ಸೈಟ್ ಇಂಜಿನಿಯರ್ ನೀನೇ, ಬಿಲ್ ಬರೆಯೋಕೆ ಬೇರೆಯವ್ರನ್ನ ಇಟ್ಕೊಳ್ತೀನಿ. ಅತ್ತಿಗುಂಡಿ ಥರ ಆದ್ರೆ ಮಾತ್ರ ಆ ಲ್ಯಾಪ್‌ಟಾಪ್ ಮನೇಲಿಟ್ಟು ಬಾ."

ಅವಳಿಗೆ ಬೇಕಿದ್ದದ್ದೂ ಅಷ್ಟೇ. ಇಂಜಿನಿಯರ್ ಎಂದು ಕರೆಸಿಕೊಳ್ಳಬೇಕು, ಲೆಕ್ಕ ಒಮ್ಮೆಯಾದರೂ ಸರಿ ಬರಬೇಕು. ಆ ವಾರ ಅವಳು ನಡೆಯಬೇಕಾದಲ್ಲೆಲ್ಲ ಓಡಿದಳು.

ಈ ಸಲ ಯಾರ ಮಾತನ್ನೂ ನಂಬಲಿಲ್ಲ. ಪೈಪಿನ ಒಳಗಿನ ಅಳತೆಯನ್ನು ಕ್ಯಾಲಿಪರ್ ಹಾಕಿ ತೆಗೆದುಕೊಂಡಳು. ಏರನ್ನು ನೀರು ತುಂಬಿದ ಟ್ಯೂಬಿನಿಂದ ಮಟ್ಟ ಹಿಡಿದು ಅಳೆದಳು. ಜೆಟ್ಟಿನ ನೀರನ್ನು ಡ್ರಮ್ಮಿಗೆ ಹಿಡಿದು ಗಡಿಯಾರ ನೋಡಿದಳು. ಪಂಪಿನ ಕೆಂಪಯ್ಯ ಇದನ್ನೆಲ್ಲ ನೋಡುತ್ತಾ ಮೋಟುಬೀಡಿ ಸೇದುತ್ತಾ ಕೂತಿದ್ದ. ಅರವತ್ತರ ಹತ್ತಿರದ ಮನುಷ್ಯ, ಆ ಪಂಪ್ ಮನೆಯಲ್ಲೇ ಹಣ್ಣಾದವನು. ಧನ್ಯಶ್ರೀ ಅವನನ್ನು ಮಾವ ಎಂದೇ ಕರೆಯುತ್ತಾ ಬೆಳೆದವಳು.

"ಎಂತದೇ ಅದು, ಜಾತಕ ಬರೀತಿಯಾ ಪೈಪಿಂದು?" ಎಂದ ಕೆಂಪಯ್ಯ.

"ಹೌದು ಮಾವ. ಎಲ್ಲಿ ಶನಿ ಕೂತಿದಾನೆ ನೋಡ್ತಿದೀನಿ."

ಕೆಂಪಯ್ಯ ನಗಲಿಲ್ಲ. ಬೀಡಿ ಎಸೆದು ಒಳಗೆ ಹೋದ.

ಲ್ಯಾಪ್‌ಟಾಪ್ ಹೇಳಿದ ಪ್ರಕಾರ ನೆತ್ತಿಯಲ್ಲಿ ಒತ್ತಡ ಎರಡು ಪಾಯಿಂಟ್ ಒಂಬತ್ತು ಕೆಜಿ ಇರಬೇಕಿತ್ತು. ಒತ್ತಡವನ್ನು ಈ ಕಡೆ ಎಲ್ಲರೂ ಕೆಜಿಯಲ್ಲೇ ಹೇಳುವುದು. ಗೇಜು ತೋರಿಸಿದ್ದು ಒಂದು ಪಾಯಿಂಟ್ ಆರು. ಮತ್ತೆ ಅತ್ತಿಗುಂಡಿಯೇ? ಸಾಲು ಸಾಲಾಗಿ ಓದಿದಳು, ತಪ್ಪು ಸಿಗಲಿಲ್ಲ. ಗೇಜು ಬದಲಿಸಿದಳು, ಹೊಸದೂ ಅದನ್ನೇ ಹೇಳಿತು. ಎರಡು ದಿನ ಕಾಲು ಸುಟ್ಟ ಬೆಕ್ಕಿನಂತೆ ಗುಡ್ಡ ಹತ್ತಿ ಇಳಿದಳು. ಜಯಪ್ರಕಾಶರು ಜೀಪು ನಿಲ್ಲಿಸಿ, "ಎಂತಾಯ್ತು ಧನ್ಯಾ, ಕಂಪ್ಯೂಟರ್ ಏನಂತದೆ?" ಎಂದು ಕೇಳುವುದು, ಇವಳು "ನಾಳೆ ಹೇಳ್ತೀನಿ ಸಾರ್" ಎನ್ನುವುದು. "ಮೊಗ್ಗಿಗೆ ನಾಳೆ ಇಲ್ಲ ಮಾರಾಯ್ತಿ" ಎಂದು ಅವರು ಹೊರಟುಹೋಗುವುದು.

ಮೂರನೇ ದಿನ ಬೆಳಗ್ಗೆ ಹೊಳೆಯಿತು. ನೆತ್ತಿಯಲ್ಲಿ ಮಾತ್ರ ಏಕೆ ನೋಡಬೇಕು? ಕೆಳಗಿನಿಂದ ಐದೈದು ಪೈಪಿಗೊಂದು ಕಡೆ ಗೇಜು ಸಿಕ್ಕಿಸಿ ಒತ್ತಡ ಬರೆದುಕೊಳ್ಳುತ್ತಾ ಹತ್ತಿದಳು. ಮರದ ನೆರಳಿನಲ್ಲಿ ಕೂತು ಅದನ್ನೆಲ್ಲ ಹಾಕಿ ಪೈಥಾನಿನಲ್ಲಿ ಲೆಕ್ಕದ ಹೊಸ ಸುತ್ತೊಂದು ಬರೆದಳು. ಮೊದಲನೇ ಪೈಪಿನಲ್ಲಿ ಇಷ್ಟು ನೀರು ಸೋರುತ್ತಿದೆ ಎಂದುಕೊ. ಗೇಜಿನ ಅಂಕಿಗೆ ಹೊಂದುತ್ತದೆಯೇ ನೋಡು. ಇಲ್ಲವೇ, ಎರಡನೇ ಪೈಪು. ಇಲ್ಲವೇ, ಮೂರನೆಯದು. ಹೀಗೆ ಅರವತ್ತನ್ನೂ ನೋಡಿ, ಯಾವುದು ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೋ ಅದನ್ನು ಹೇಳು. ಒತ್ತಿ, ಉಗುರು ಕಚ್ಚಿಕೊಂಡು ಕೂತಳು.

ಮೂವತ್ತೊಂದು ಎಂದು ಬಂತು. ನಾಲ್ಕು ಜೆಟ್ಟಿಗೆ ಸಾಕಾಗುವಷ್ಟು ನೀರು ಅಲ್ಲಿ ಹೊರಗೆ ಹೋಗುತ್ತಿತ್ತು.

ಪೈಪು ಎಣಿಸುತ್ತಾ ಒಂದೇ ಉಸಿರಿಗೆ ಇಳಿದಳು. ಮೂವತ್ತೊಂದನೆಯದರ ಜೋಡಣೆಯ ಮೇಲೆ ಒಣಗಿದ ಎಲೆ ರಾಶಿ ಬಿದ್ದಿತ್ತು. ಬಿದ್ದದ್ದಲ್ಲ, ಯಾರೋ ಒಟ್ಟಿದ್ದು. ಸರಿಸಿದರೆ ಹಿತ್ತಾಳೆಯ ವಾಲ್ವು, ವಾಲ್ವಿಗೆ ಒಂದೂವರೆ ಇಂಚಿನ ಕರಿ ಹೋಸು. ಹೋಸು ಮಣ್ಣಿನೊಳಗೆ ಹೂತು ಬೇಲಿಯ ಅಡಿಯಿಂದ ಕೆಳಗಿಳಿದಿತ್ತು. ಲೆಕ್ಕ ಸರಿಯಾಗಿದೆ! ಧನ್ಯಶ್ರೀ ಒಬ್ಬಳೇ ಚಪ್ಪಾಳೆ ತಟ್ಟಿದಳು. ಆಮೇಲೆ ಬೇಲಿಯಾಚೆ ನೋಡಿದಳು. ಹೋಸು ಹೋಗಿದ್ದದ್ದು ಅವಳದೇ ಮನೆಯ ಕಡೆಗೆ.

ಬೇಲಿಯ ಕೆಳಗೆ ಮೂರು ಮನೆ, ಮೂರು ಅರ್ಧ ಎಕರೆ: ಕಲ್ಲಮ್ಮನದು, ರಂಗಮ್ಮನದು, ತಂಗಮ್ಮನದು. ಕಲ್ಲಮ್ಮನ ತೋಟದ ನೆಲ ಒದ್ದೆಯಾಗಿತ್ತು. ರಂಗಮ್ಮನ ತೋಟದಲ್ಲಿ ಜೆಟ್ಟು ತಿರುಗುತ್ತಿತ್ತು. ತಂಗಮ್ಮ ತನ್ನ ತೋಟದ ಅಂಚಿನಲ್ಲಿ ನಾಳೆಗೆ ಹೋಸು ಎಳೆಯಲು ಕಸ ಸರಿಸಿ ದಾರಿ ಮಾಡುತ್ತಿದ್ದಳು. ಮಗಳನ್ನು ಕಂಡು ಕತ್ತಿ ಕೆಳಗಿಟ್ಟಳು.

ಧನ್ಯಶ್ರೀ ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು, ನಮ್ಮ ಕಾಫಿ ಮಳೆ ಇಲ್ಲದಿದ್ದರೂ ಹೇಗೆ ಹೂ ಬಿಡುತ್ತದೆ ಎಂದು. ಎಸ್ಟೇಟಿನ ಜೆಟ್ಟಿನ ನೀರು ಗಾಳಿಗೆ ಹಾರಿ ನಮ್ಮ ಕಡೆ ಬೀಳುತ್ತದೆ ಎಂದಿದ್ದಳು ತಾಯಿ. ಮಾರ್ಚ್ ಬಂದಾಗಲೆಲ್ಲ ಮಗಳು ಪರೀಕ್ಷೆ, ಹಾಸ್ಟೆಲು ಎಂದು ದೂರವೇ ಇದ್ದಳು. ನೀರಿನ ಬಗ್ಗೆ ಲೆಕ್ಕ ಕಲಿತವಳು ಆ ಗಾಳಿಯ ಮಾತನ್ನು ಮಾತ್ರ ಒಮ್ಮೆಯೂ ಲೆಕ್ಕ ಹಾಕಿ ನೋಡಿರಲಿಲ್ಲ.

"ಗಾಳಿ ಅಂದಿದ್ದೆ ನೀನು."

"ಮತ್ತೆಂತ ಹೇಳ್ಬೇಕಿತ್ತು ನಿಂಗೆ?" ತಂಗಮ್ಮನಿಗೆ ನಾಚಿಕೆಗಿಂತ ಸಿಟ್ಟೇ ಮೊದಲು ಬಂತು. "ಕೆಂಪಣ್ಣ ಹನ್ನೊಂದು ವರ್ಷದಿಂದ ಕೊಡ್ತಿದಾನೆ. ಒಂದು ರೂಪಾಯಿ ಮುಟ್ಟಿಲ್ಲ. ಹೂವಿನ ಟೈಮಲ್ಲಿ ಕೇಳ್ದವ್ರಿಗೆ ನೀರು ಇಲ್ಲ ಅನ್ನಕ್ಕೆ ಬಾಯಿ ಬರಲ್ಲ ಅಂತಾನೆ. ಮೇಲಿನ ಬ್ಲಾಕ್ ಇಲ್ಲದಾಗ ಎಸ್ಟೇಟಿಗೆ ಸಾಕಾಗಿ ಉಳೀತಿತ್ತು, ಯಾರಿಗೆ ಎಂತ ನಷ್ಟ ಆಯ್ತು? ನಿನ್ನ ಹಾಸ್ಟೆಲ್ ಫೀಸು ಗಾಳೀಲಿ ಹಾರ್ಕೊಂಡು ಬಂತಾ?"

ತಂಗಮ್ಮ ಹತ್ತಿರ ಬಂದು ದನಿ ಇಳಿಸಿದಳು.

"ಅವ್ರಿಬ್ರದ್ದು ಇವತ್ತಿಗೆ ಮುಗೀತದೆ. ನಾಳೆ ನಮ್ಮ ಸರದಿ. ಒಂದು ದಿನ ಕಣೇ, ಒಂದೇ ದಿನ. ನಾಡಿದ್ದು ಏನ್ ಬೇಕಾದ್ರೂ ಹೇಳ್ಕೋ."

ಸಂಜೆ ನಾಲ್ಕಕ್ಕೆ ಪಂಪ್ ಮನೆಗೆ ಬರುತ್ತೇನೆ, ಉತ್ತರ ಬೇಕು ಎಂದು ಜಯಪ್ರಕಾಶರು ಹೇಳಿದ್ದರು. ಧನ್ಯಶ್ರೀ ಆ ಮಧ್ಯಾಹ್ನ ಉಣ್ಣಲಿಲ್ಲ, ಕೂರಲಿಲ್ಲ. ಲ್ಯಾಪ್‌ಟಾಪನ್ನು ತೋಳ ಮೇಲೆ ಮಗುವಿನ ಹಾಗೆ ಹಿಡಿದುಕೊಂಡು ತೋಟದಲ್ಲಿ ಶತಪಥ ತಿರುಗಿದಳು. ಕಣ್ಣು ಒಂದು ಸಾಲಿನ ಮೇಲೆ ಹೋಗಿ ನಿಲ್ಲುತ್ತಿತ್ತು. ಪೈಪಿನ ಒಳಮೈ ಎಷ್ಟು ಒರಟು ಎನ್ನುವ ಸಾಲು ಅದು. ಅಲ್ಲಿ ಅವಳು ಹಾಕಿದ್ದು ನಯವಾದ ಪೈಪಿನ ಸಣ್ಣ ಸಂಖ್ಯೆ. ಅದನ್ನು ದೊಡ್ಡದು ಮಾಡಿದಳು. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ. ನೆತ್ತಿಯ ಒತ್ತಡ ಇಳಿಯುತ್ತಾ ಬಂದು ಸರಿಯಾಗಿ ಒಂದು ಪಾಯಿಂಟ್ ಆರಕ್ಕೆ ನಿಂತಿತು. ಸೋರಿಕೆ ಎಲ್ಲೂ ಇಲ್ಲ, ಪೈಪು ಹಳೆಯದು, ಒಳಗೆ ಪಾಚಿ ಮಣ್ಣು ಕಟ್ಟಿಕೊಂಡಿದೆ, ಅಷ್ಟೇ. ಒಂದು ಸಂಖ್ಯೆ ಬದಲಾಯಿತು. ಯಾರಿಗೂ ಏನೂ ಆಗಲಿಲ್ಲ. ಹೊಸ ಪೈಪು ತರಿಸಲು ವಾರ ಬೇಕು, ಅಷ್ಟರಲ್ಲಿ ನೆತ್ತಿಯ ಜೆಟ್ಟು ಎರಡೆರಡೇ ಓಡಿಸಿದರೆ ಅಲ್ಲಿನ ಮೊಗ್ಗೂ ಉಳಿಯುತ್ತದೆ, ನಾಳೆ ಅಮ್ಮನ ತೋಟವೂ ನೆನೆಯುತ್ತದೆ. ಎಲ್ಲವೂ ಹೊಂದಿತು.

ನಾಲ್ಕು ಗಂಟೆಗೆ ಜಯಪ್ರಕಾಶರು ಬಂದರು, ಅವರ ಜೀಪಿನಲ್ಲೇ ಪರಮೇಶ್ವರಪ್ಪನವರೂ ಬಂದರು. ಕೆಂಪಯ್ಯ ಪಂಪಿನ ಪಕ್ಕ ಕೈ ಕಟ್ಟಿ ನಿಂತಿದ್ದ. ಧನ್ಯಶ್ರೀ ಪರದೆ ತೋರಿಸಿ, ತಡವರಿಸದೆ ಹೇಳಿ ಮುಗಿಸಿದಳು. ಲೆಕ್ಕದ ಅಂಕಿಯೂ ಗೇಜಿನ ಅಂಕಿಯೂ ಒಂದೇ ಆಗಿರುವುದನ್ನು ಕಂಡು ಪರಮೇಶ್ವರಪ್ಪ ಹೆಮ್ಮೆಯಿಂದ ಗಂಟಲು ಸರಿಮಾಡಿಕೊಂಡರು.

ಜಯಪ್ರಕಾಶರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಮೂರ್ಖರಲ್ಲ ಅವರು. "ಮಣ್ಣು ಕಟ್ಟಬೇಕಾದ್ರೆ ಮಣ್ಣು ಒಳಗೆ ಹೋಗ್ಬೇಕಲ್ಲ" ಎಂದು ಕೆಂಪಯ್ಯನ ಕಡೆ ತಿರುಗಿದರು. "ಫುಟ್‌ವಾಲ್ವ್ ಜಾಲರಿ ತೊಳಿ, ಕೆಸರು ನೀರು ಎಳೀಬೇಡ ಅಂತ ಎಷ್ಟು ವರ್ಷದಿಂದ ಹೇಳ್ತಾ ಇದೀನಿ ಕೆಂಪಯ್ಯ? ತೊಳೀತಿದೀನಿ ಸಾರ್, ತೊಳೀತಿದೀನಿ ಸಾರ್ ಅಂತೀಯ. ಇದಾ ತೊಳೆದದ್ದು?"

ಕೆಂಪಯ್ಯ ಆ ಜಾಲರಿಯನ್ನು ವಾರಕ್ಕೆರಡು ಸಲ ಬ್ರಷ್ಷು ಹಾಕಿ ಉಜ್ಜುತ್ತಿದ್ದ. ಊರಿಗೇ ಗೊತ್ತಿತ್ತು. ಅವನು ತಲೆ ತಗ್ಗಿಸಿದ. "ನಂದೇ ತಪ್ಪು ಸಾರ್."

"ನಾಳೆಯಿಂದ ಪಂಪ್ ಮುಟ್ಟಬೇಡ. ಬೀಗದ ಕೈ ಇಲ್ಲಿ ಕೊಟ್ಟು ಮನೆಗೆ ಹೋಗು. ಸಾಕು ನಿನ್ನ ಕೆಲಸ."

ಕೆಂಪಯ್ಯ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟ. ಬಿಚ್ಚುತ್ತಾ ಧನ್ಯಶ್ರೀಯ ಕಡೆ ನೋಡಿದ. ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದ. ಅವನು ಬೇಡಿಕೊಂಡಿದ್ದರೆ ಅವಳು ಸುಮ್ಮನಿರುತ್ತಿದ್ದಳೋ ಏನೋ. ಆ ಮುದುಕ ಅವಳ ಸುಳ್ಳನ್ನು ತನ್ನ ಮೈಮೇಲೆ ಹಾಕಿಕೊಂಡು, ಅವಳನ್ನೇ ಸಮಾಧಾನ ಮಾಡುತ್ತಿದ್ದ. ಅವಳಿಗೆ ತನ್ನ ಮೇಲೇ ಹೇಸಿಗೆ ಬಂತು.

"ಮಣ್ಣಲ್ಲ ಸಾರ್" ಎಂದಳು. "ನಾನು ಸುಳ್ಳು ಸಂಖ್ಯೆ ಹಾಕಿದೀನಿ. ಪೈಪು ಒಳಗೆ ಕನ್ನಡಿ ಹಾಗಿದೆ. ಮೂವತ್ತೊಂದನೇ ಪೈಪಲ್ಲಿ ವಾಲ್ವ್ ಇದೆ. ನೀರು ಬೇಲಿ ಕೆಳಗಿನ ತೋಟಕ್ಕೆ ಹೋಗ್ತದೆ. ನಾಳೆ ನಮ್ಮಮ್ಮನ ಸರದಿ."

ಪರಮೇಶ್ವರಪ್ಪನವರ ಮುಖ ಸಪ್ಪಗಾಯಿತು. ಜಯಪ್ರಕಾಶರು ಕೆಂಪಯ್ಯನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಕೊನೆಗೆ ಲ್ಯಾಪ್‌ಟಾಪನ್ನು ನೋಡಿದರು.

"ಅದು ಮುಚ್ಚಿದ್ರೆ ಮೇಲೆ ಎಷ್ಟು ಬರ್ಬೇಕು?"

"ಎರಡು ಪಾಯಿಂಟ್ ಒಂಬತ್ತು."

"ಹೋಗಿ ಮುಚ್ಚು. ನೋಡಣ."

ಅವಳೇ ಹೋಗಿ ಮುಚ್ಚಿದಳು. ವಾಲ್ವಿನ ಹಿಡಿ ಬಿಗಿಯಿರಲಿಲ್ಲ. ವರ್ಷಾವರ್ಷ ಎಣ್ಣೆ ಕಂಡದ್ದು, ಬೆರಳಿಗೆ ಸಲೀಸಾಗಿ ತಿರುಗಿತು. ಕೆಳಗೆ ರಂಗಮ್ಮನ ತೋಟದ ಜೆಟ್ಟು ನಾಲ್ಕು ಸುತ್ತು ನಿಧಾನವಾಗಿ ಹೊಡೆದು ನಿಂತಿತು. ಧನ್ಯಶ್ರೀ ನೆತ್ತಿ ಹತ್ತುವಷ್ಟರಲ್ಲಿ ಮೂವರೂ ಜೀಪಿನಲ್ಲಿ ಅಲ್ಲಿಗೆ ಬಂದಿದ್ದರು. ಹನ್ನೆರಡು ಜೆಟ್ಟೂ ಚಟಚಟ ಎಂದು ತಿರುಗುತ್ತಾ ಮರದೆತ್ತರಕ್ಕೆ ನೀರು ಎಸೆಯುತ್ತಿದ್ದವು. ಗೇಜಿನ ಮುಳ್ಳು ಎರಡು ಪಾಯಿಂಟ್ ಒಂಬತ್ತರ ಗೀಟಿನ ಮೇಲೆ ನಿಂತಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಭೇಷ್" ಎಂದರು ಪರಮೇಶ್ವರಪ್ಪ, ತಮಗರಿವಿಲ್ಲದೆಯೇ.

ಜಯಪ್ರಕಾಶರು ಕೆಂಪಯ್ಯನ ಬೀಗದ ಕೈಯನ್ನು ಅವನಿಗೇ ವಾಪಸ್ಸು ಕೊಟ್ಟರು. "ಪಂಪ್ ನೀನೇ ನೋಡ್ಕೋ. ಆ ವಾಲ್ವ್ ಬಿಚ್ಚಿ ನಾಳೆ ಬೆಳಗ್ಗೆ ನನ್ನ ಆಫೀಸಿಗೆ ತಂದಿಡು. ಅಲ್ಲಿಗೆ ಪ್ಲಗ್ ಹಾಕು" ಎಂದರು. ಆಮೇಲೆ ಧನ್ಯಶ್ರೀಗೆ, "ನೀನು ನಾಳೆ ಕಳಸಕ್ಕೆ ಹೋಗ್ಬೇಕು. ಅಲ್ಲಿಯ ಎರಡೂ ತೋಟ ಅಳೆದು ಲೆಕ್ಕ ಕೊಡು. ಎಂಟು ಗಂಟೆಗೆ ಜೀಪ್ ಕಳಿಸ್ತೀನಿ."

"ಸಾರ್, ನಮ್ಮಮ್ಮನ ತೋಟಕ್ಕೆ ಒಂದು ದಿನ..."

"ಧನ್ಯಾ," ಎಂದರು ಅವರು, ಗದರದೆ. "ಕೆರೆ ನೋಡಿದ್ಯಾ? ನೆತ್ತಿಗೇ ಸಾಕಾಗ್ತದೋ ಇಲ್ವೋ. ನೀನೇ ಲೆಕ್ಕ ಹಾಕು."

ಲೆಕ್ಕ ಹಾಕಬೇಕಾಗಿರಲಿಲ್ಲ. ಅವಳು ಕೆರೆಯನ್ನೂ ಅಳೆದಿದ್ದಳು.

ಮನೆಯಲ್ಲಿ ತಂಗಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಲೆಕ್ಕ ಸರಿ ಬಂತಾ?" ಎಂದು ಒಂದು ಮಾತು ಕೇಳಿದಳು, "ಬಂತು" ಎಂದಿದ್ದಕ್ಕೆ ತಟ್ಟೆಗೆ ಅನ್ನ ಬಡಿಸಿದಳು.

ಬೆಳಗ್ಗೆ ಧನ್ಯಶ್ರೀ ಏಳುವಷ್ಟರಲ್ಲಿ ತಾಯಿ ಮನೆಯಲ್ಲಿರಲಿಲ್ಲ. ಎಂಟಕ್ಕೆ ಸರಿಯಾಗಿ ರಸ್ತೆಯಲ್ಲಿ ಜೀಪು ಬಂದು ಹಾರನ್ ಮಾಡಿತು. ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿ ಹೊರಗೆ ಬಂದವಳಿಗೆ ಕಂಡದ್ದು, ಹಳ್ಳದ ಗುಂಡಿಯಿಂದ ಪ್ಲಾಸ್ಟಿಕ್ ಕೊಡ ಸೊಂಟಕ್ಕಿಟ್ಟುಕೊಂಡು ಏರು ಹತ್ತಿ ಬರುತ್ತಿರುವ ತಂಗಮ್ಮ. ಒಂದು ಗಿಡದ ಬುಡಕ್ಕೆ ಸುರಿದಳು, ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಇಳಿದಳು. ಎರಡು ಸಾಲು ಗಿಡಗಳ ಬುಡ ಆಗಲೇ ಕಪ್ಪಗೆ ನೆನೆದಿತ್ತು.

ಬೇಡ ಬೇಡವೆಂದರೂ ಧನ್ಯಶ್ರೀಯ ತಲೆ ಲೆಕ್ಕ ಹಾಕಿಬಿಟ್ಟಿತು. ಅರ್ಧ ಎಕರೆ, ಒಂದಿಂಚು ನೀರು, ಐವತ್ತೊಂದು ಸಾವಿರ ಲೀಟರಿಗೂ ಮೇಲೆ. ಕೊಡಕ್ಕೆ ಹದಿನೈದು ಲೀಟರು. ಮೂರು ಸಾವಿರದ ನಾನೂರ ಇಪ್ಪತ್ತೇಳು ಕೊಡ. ಈ ಸಲವೂ ಲೆಕ್ಕ ಸರಿಯಾಗಿಯೇ ಇತ್ತು.

ಜೀಪಿನವನು ಮತ್ತೆ ಹಾರನ್ ಒತ್ತಿದ. ಅವಳು ಚೀಲವನ್ನು ಜಗಲಿಯ ಮೇಲಿಟ್ಟು, ಬಚ್ಚಲಿನಿಂದ ಇನ್ನೊಂದು ಕೊಡ ತೆಗೆದುಕೊಂಡು, ತಾಯಿಯ ಹಿಂದೆ ಹಳ್ಳಕ್ಕೆ ಇಳಿದಳು. ಎಷ್ಟು ಕೊಡ ಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ.